ಸಾಸೇಜ್ ಹಿಡಿದ ರೈತ ಮತ್ತು ಗೋದಲಿಯ ಮಗು: ಲೂಥರ್ ಮನೆಯ ಕ್ರಿಸ್ಮಸ್

(ಡಿಸೆಂಬರ್ ಮೊದಲನೇ ಭಾನುವಾರ, ಎರಡನೇ ಆರಾಧನೆಯ ಸಂದೇಶ)

ಎಲ್ಲರೂ ಕೂತ್ಕೊಳ್ಳಿ. ಹಿಂದೆ ನಿಂತಿರೋರು ಮುಂದೆ ಬನ್ನಿ, ಎಡಗಡೆ ಕುರ್ಚಿಗಳು ಖಾಲಿ ಇವೆ.

ಡಿಸೆಂಬರ್ ಬಂತು ಅಂದ್ರೆ ನಮ್ಮ ಯೌವನಸ್ಥರ ವಾಟ್ಸಾಪ್ ಗ್ರೂಪಿನಲ್ಲಿ ಪ್ರತಿ ವರ್ಷ ಅದೇ ಚರ್ಚೆ. ಬಾಲ್ಕನಿಯಲ್ಲಿ ನಕ್ಷತ್ರ ಕಟ್ಟಬಹುದಾ? ಮನೆಯಲ್ಲಿ ಕ್ರಿಸ್ಮಸ್ ಮರ ಇಡಬಹುದಾ? ಸ್ಕೂಲಿನಲ್ಲಿ ಸಾಂತಾ ಟೋಪಿ ಹಾಕ್ಕೊಂಡು ಬರಬೇಕು ಅಂದಿದ್ದಾರೆ, ಕಳಿಸಬಹುದಾ? ಒಬ್ಬರು ಇದೆಲ್ಲ ಅನ್ಯಾಚಾರ ಅಂತ ಒಂದು ವಿಡಿಯೋ ಹಾಕ್ತಾರೆ. ಇನ್ನೊಬ್ಬರು ಅದಕ್ಕೆ ಉತ್ತರವಾಗಿ ಇನ್ನೊಂದು ವಿಡಿಯೋ ಹಾಕ್ತಾರೆ. ಡಿಸೆಂಬರ್ 26ಕ್ಕೆ ಚರ್ಚೆ ಮುಗಿಯುತ್ತೆ, ಮುಂದಿನ ವರ್ಷ ಮತ್ತೆ ಶುರು!

ನಾನು ಇವತ್ತು ಆ ಚರ್ಚೆಗೆ ತೀರ್ಪು ಕೊಡೋಕೆ ನಿಂತಿಲ್ಲ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ. ನಕ್ಷತ್ರ ಕಟ್ಟುವ ಮನೆಯಲ್ಲಿರಲಿ, ಕಟ್ಟದ ಮನೆಯಲ್ಲಿರಲಿ, ನಿಮ್ಮ ನಾಲ್ಕು ವರ್ಷದ ಮಗು ಈ ತಿಂಗಳು ದೇವರು ಎಂಥವನು ಅಂತ ಕಲಿಯುತ್ತೆ? ಆ ಮಗುವಿನ ಕಣ್ಣಲ್ಲಿ ದೇವರ ಮುಖ ಹೇಗಿರುತ್ತೆ? ಈ ಪ್ರಶ್ನೆಯನ್ನು ಜೀವನವೆಲ್ಲಾ ಹೊತ್ತುಕೊಂಡು ನಡೆದ ಒಬ್ಬ ಮನುಷ್ಯನ ಕಥೆ ಹೇಳ್ತೀನಿ. ಹೆಸರು ನಿಮಗೆಲ್ಲ ಗೊತ್ತು. ಮಾರ್ಟಿನ್ ಲೂಥರ್.

ಲೂಥರ್ ಅಂದ ತಕ್ಷಣ ನಮಗೆ ಸುತ್ತಿಗೆ, ಬಾಗಿಲು, 95 ವಾದಗಳು ನೆನಪಿಗೆ ಬರುತ್ತೆ. ಅದನ್ನು ಅಕ್ಟೋಬರ್‌ನಲ್ಲಿ ಹೇಳಿ ಆಯ್ತು. ಇವತ್ತು ನಮಗೆ ಬೇಕಾಗಿರೋದು ಬೇರೆ ಲೂಥರ್. ಆರು ಮಕ್ಕಳ ಅಪ್ಪ.

ಅವರು ಹುಟ್ಟಿದ್ದು 1483ರ ನವೆಂಬರ್ 10, ಜರ್ಮನಿಯ ಐಸ್ಲೆಬೆನ್ ಅನ್ನುವ ಊರಲ್ಲಿ. ಮರುದಿನ ಸಂತ ಮಾರ್ಟಿನ್ ಹಬ್ಬ. ಅವತ್ತೇ ದೀಕ್ಷಾಸ್ನಾನ ಮಾಡಿಸಿ ಅದೇ ಹೆಸರು ಇಟ್ಟರು. ಅಪ್ಪ ಹಾನ್ಸ್ ತಾಮ್ರದ ಗಣಿ ಕೆಲಸದಿಂದ ಮೇಲೆ ಬಂದವರು. ಕಷ್ಟಪಟ್ಟು ದುಡಿದವರು, ಮಗ ಲಾಯರ್ ಆಗಬೇಕು ಅಂತ ಆಸೆ. (ನಗುತ್ತಿದ್ದೀರಿ. ಇಲ್ಲಿ ಎಷ್ಟು ಜನರ ಅಪ್ಪಂದಿರು ಎಂಜಿನಿಯರ್ ಆಗು ಅಂದಿದ್ರು ಅಂತ ನನಗೆ ಗೊತ್ತು.) ಮನೆಯಲ್ಲಿ ಶಿಸ್ತು ತುಂಬಾ ಕಠಿಣ. ಒಂದು ಸಾರಿ ಒಂದೇ ಒಂದು ಕಾಯಿ, ಬಾದಾಮಿ ತರಹದ ಒಂದು ಬೀಜದ ಕಾಯಿಗೋಸ್ಕರ ತಾಯಿ ರಕ್ತ ಬರೋ ತನಕ ಹೊಡೆದಿದ್ದರಂತೆ. ದೊಡ್ಡವರಾದ ಮೇಲೆ ಲೂಥರ್ ಇದನ್ನ ಊಟದ ಮೇಜಿನ ಹತ್ತಿರ ಹೇಳ್ತಿದ್ದರು. ಅಪ್ಪ ಅಮ್ಮ ಒಳ್ಳೇ ಮನಸ್ಸಿಂದಲೇ ಮಾಡಿದ್ರು ಅಂತಲೂ ಸೇರಿಸ್ತಿದ್ದರು. ಕೋಲು ಇರೋ ಕಡೆ ಪಕ್ಕದಲ್ಲೇ ಒಂದು ಸೇಬು ಕೂಡ ಇರಬೇಕು ಅನ್ನೋದು ಅವರ ಅಭಿಪ್ರಾಯವಾಗಿತ್ತು.

ದೇವರ ಬಗ್ಗೆ ಆ ಹುಡುಗ ಕಲಿತದ್ದೂ ಇದೇ ರೀತಿ. ಆ ಕಾಲದ ಚಿತ್ರಗಳಲ್ಲಿ ಕ್ರಿಸ್ತನು ಮಳೆಬಿಲ್ಲಿನ ಮೇಲೆ ಕೂತಿರುವ ನ್ಯಾಯಾಧಿಪತಿ. ಆ ಚಿತ್ರ ನೋಡಿದ ಹುಡುಗನಿಗೆ ಕ್ರಿಸ್ತ ಅನ್ನೋ ಹೆಸರು ಕೇಳಿದರೇ ಭಯ. ಯೇಸುವಿನ ಹತ್ತಿರ ಓಡಿ ಹೋಗೋ ಬದಲು, ಯೇಸುವಿನಿಂದ ತಪ್ಪಿಸಿಕೊಳ್ಳೋಕೆ ಸಂತರ ಹತ್ತಿರ ಓಡಿ ಹೋಗಬೇಕು. ಇದು ಅವನು ಕಲಿತ ಪಾಠ.

ಈಗ ಒಂದು ಕ್ರಿಸ್ಮಸ್ ಘಟನೆ ಹೇಳ್ತೀನಿ, ಗಮನ ಕೊಡಿ. ಆ ಕಾಲದಲ್ಲಿ ಓದುವ ಹುಡುಗರು ಮನೆ ಮನೆಗೆ ಹೋಗಿ ಹಾಡಿ ಊಟ ಕೇಳಿಕೊಂಡು ಬರೋದು ವಾಡಿಕೆ. ಕ್ರಿಸ್ಮಸ್ ದಿನಗಳಲ್ಲಿ ಮಾರ್ಟಿನ್ ಮತ್ತು ಅವನ ಜೊತೆಯ ಹುಡುಗರು ಹಳ್ಳಿ ಹಳ್ಳಿಗೆ ಹೋಗಿ ಬೇತ್ಲೆಹೇಮಿನಲ್ಲಿ ಹುಟ್ಟಿದ ಮಗುವಿನ ಬಗ್ಗೆ ನಾಲ್ಕು ದನಿಯಲ್ಲಿ ಹಾಡ್ತಿದ್ದರು. ನಮ್ಮ ಕ್ಯಾರಲ್ ರೌಂಡ್ಸ್ ಇದ್ದ ಹಾಗೇ. ಒಂದು ಹಳ್ಳಿಯ ಕೊನೇ ಮನೆ. ಇವರು ಹಾಡೋದು ಕೇಳಿ ಒಬ್ಬ ರೈತ ಹೊರಗೆ ಬಂದ. ದಪ್ಪ ದನಿ. ಎಲ್ಲಿದ್ದೀರಾ ಹುಡುಗರೇ ಅಂತ ಕೂಗಿದ. ಅವನ ಕೈಯಲ್ಲಿದ್ದದ್ದು ಸಾಸೇಜ್, ಇವರಿಗೆ ಕೊಡೋಕೆ ಅಂತಲೇ ತಂದಿದ್ದು. ಆದರೆ ಸ್ಕೂಲಿನಲ್ಲಿ ಮೇಷ್ಟರ ಗದರಿಕೆ, ಬೆತ್ತ ಇವೇ ಅಭ್ಯಾಸವಾಗಿದ್ದ ಹುಡುಗರಿಗೆ ಆ ದನಿ ಕೇಳಿ ಎದೆ ನಡುಗಿತು. ಕಾಲಿಗೆ ಬುದ್ಧಿ ಹೇಳಿದರು! ಆ ರೈತ ಹಿಂದೆಯಿಂದ ಕೂಗಿ ಕೂಗಿ ಕರೆದ ಮೇಲೆ ಭಯ ಬಿಟ್ಟು ವಾಪಸ್ ಬಂದು ತಗೊಂಡರು.

ತುಂಬಾ ವರ್ಷ ಆದ ಮೇಲೆ, ಆದಿಕಾಂಡದ ಪಾಠ ಮಾಡುವಾಗ ಲೂಥರ್ ಈ ಘಟನೆ ಹೇಳಿದರು. ನಾವು ದೇವರ ಹತ್ತಿರ ಹೀಗೇ ಮಾಡ್ತೀವಿ ಅಂತ. ಆತನು ಕೈ ತುಂಬಾ ಕೊಡೋಕೆ ಬರ್ತಾನೆ, ನಾವು ಹೊಡೆಯೋಕೆ ಬಂದ ಅಂತ ಓಡ್ತೀವಿ.

ಬಾಯಲ್ಲಿ ಕ್ರಿಸ್ಮಸ್ ಹಾಡು. ಕಾಲಲ್ಲಿ ಓಟ. ಹಾಡಿನ ಪ್ರತಿ ಸಾಲೂ ಬಾಯಿಪಾಠ, ಆದರೆ ಆ ಹಾಡಿನ ಅರ್ಥ ಹೃದಯಕ್ಕೆ ಇಳಿದಿಲ್ಲ. ಪ್ರಿಯರೇ, ನಮ್ಮ ಮಕ್ಕಳ ಕ್ರಿಸ್ಮಸ್ ಕೂಡ ಹೀಗೇ ಆಗ್ತಿದೆಯಾ?

ಯಾಕೆ ಕೇಳ್ತೀನಿ ಅಂದ್ರೆ, ನಮ್ಮ ಮನೆಗಳಲ್ಲಿ ನವೆಂಬರ್ ಕೊನೆಯಿಂದ ಒಂದು ಮಾತು ಶುರುವಾಗುತ್ತೆ. ಊಟ ಮಾಡಿಲ್ಲ ಅಂದ್ರೆ ಸಾಂತಾ ಗಿಫ್ಟ್ ತರಲ್ಲ. ಸಾಂತಾ ಲಿಸ್ಟ್ ಮಾಡ್ತಾ ಇದ್ದಾನೆ ನೋಡು, ಯಾರು ಗುಡ್ ಬಾಯ್, ಯಾರು ಬ್ಯಾಡ್ ಬಾಯ್. ಸಾಂತಾ ಬೇಡ ಅನ್ನುವ ಮನೆಗಳಲ್ಲಿ? ಅಲ್ಲಿ ಇನ್ನೂ ಕಷ್ಟ. ಅಲ್ಲಿ ಯೇಸಪ್ಪನನ್ನೇ ಆ ಕೆಲಸಕ್ಕೆ ಇಟ್ಟುಬಿಟ್ಟಿದ್ದೀವಿ. ಸುಳ್ಳು ಹೇಳಿದ್ರೆ ಯೇಸಪ್ಪ ಕಣ್ಣು ಕುಕ್ತಾರೆ! ಸಾಂತಾನನ್ನು ಮನೆಯಿಂದ ಹೊರಗೆ ಹಾಕಿದ್ವಿ ಅಂತ ಖುಷಿಪಡ್ತೀವಿ, ಆದ್ರೆ ಅವನ ಲಿಸ್ಟನ್ನು ತಗೊಂಡು ಹೋಗಿ ಯೇಸುವಿನ ಕೈಗೆ ಕೊಟ್ಟಿದ್ದೀವಿ. ಮಳೆಬಿಲ್ಲಿನ ಮೇಲೆ ಕೂತ ನ್ಯಾಯಾಧಿಪತಿ ಮತ್ತೆ ವಾಪಸ್ ಬಂದ.

ಸರಿ, ಕಥೆಗೆ ಬರೋಣ. 1505ರಲ್ಲಿ ಸಿಡಿಲಿಗೆ ಹೆದರಿ ಮಠ ಸೇರುತ್ತೇನೆ ಅಂತ ಹರಕೆ ಮಾಡಿಕೊಂಡದ್ದು, ಉಪವಾಸ, ಜಾಗರಣೆ, ಪಾಪನಿವೇದನೆ ಎಲ್ಲ ಮಾಡಿಯೂ ಸಮಾಧಾನ ಸಿಗದೇ ಇದ್ದದ್ದು, ವಿಟ್ಟೆನ್‌ಬರ್ಗ್‌ನಲ್ಲಿ ಸತ್ಯವೇದ ಕಲಿಸುತ್ತಾ ಕೃಪೆಯನ್ನು ಕಂಡುಕೊಂಡದ್ದು, ಇದೆಲ್ಲ ನಿಮಗೆ ಗೊತ್ತು. 1521ರಲ್ಲಿ ವೊರ್ಮ್ಸ್ ಸಭೆಯ ಮುಂದೆ ನಿಂತ ಮೇಲೆ ಜೀವ ಉಳಿಸೋಕೆ ಸ್ನೇಹಿತರು ವಾರ್ಟ್‌ಬರ್ಗ್ ಕೋಟೆಯಲ್ಲಿ ಬಚ್ಚಿಟ್ಟರು. ಅಲ್ಲಿ ಕೂತು ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದರು. ಸುಮಾರು 11 ವಾರ! ಅದೇ ಕೋಟೆಯಲ್ಲಿ ಕ್ರಿಸ್ಮಸ್ ಪ್ರಸಂಗಗಳನ್ನೂ ಬರೆದರು.

ಅವರು ಅಲ್ಲಿ ಇದ್ದಾಗ ಇತ್ತ ವಿಟ್ಟೆನ್‌ಬರ್ಗ್‌ನಲ್ಲಿ ಗಲಾಟೆ ಶುರುವಾಯ್ತು. ಹಳೇ ಪದ್ಧತಿ ಏನೂ ಬೇಡ, ಎಲ್ಲ ಒಡೆದು ಹಾಕಿ ಅಂತ ಒಂದು ಗುಂಪು. 1522ರ ಮಾರ್ಚ್‌ನಲ್ಲಿ ಲೂಥರ್ ಪ್ರಾಣದ ಆಸೆ ಬಿಟ್ಟು ವಾಪಸ್ ಬಂದು ಎಂಟು ದಿನ ಸತತವಾಗಿ ಪ್ರಸಂಗ ಮಾಡಿದರು. ವಾಕ್ಯಕ್ಕೆ ವಿರುದ್ಧವಾದದ್ದು ಹೋಗಲೇಬೇಕು. ಆದರೆ ಬಲವಂತದಿಂದ ಅಲ್ಲ. ಮೊದಲು ಹೃದಯ ಬದಲಾಗಲಿ, ಕೈ ಆಮೇಲೆ. ನಮ್ಮ ವಾಟ್ಸಾಪ್ ಗ್ರೂಪಿನ ಅಡ್ಮಿನ್‌ಗಳು ಆ ಎಂಟು ಪ್ರಸಂಗಗಳನ್ನ ಒಂದು ಸಾರಿ ಓದಿದರೆ ಒಳ್ಳೇದು.

1525ರ ಜೂನ್ 13. ಲೂಥರ್‌ಗೆ 41 ವರ್ಷ. ಮಠ ಬಿಟ್ಟು ಬಂದಿದ್ದ ಸನ್ಯಾಸಿನಿ ಕಥರೀನಾ ಫಾನ್ ಬೋರಾ ಅವರನ್ನು ಮದುವೆಯಾದರು. ಯಾವ ಮಠದಲ್ಲಿ ಸನ್ಯಾಸಿಯಾಗಿ ಇದ್ದರೋ ಅದೇ ಕಟ್ಟಡ ಈಗ ಸಂಸಾರದ ಮನೆ. 1526ರಲ್ಲಿ ಮೊದಲ ಮಗ ಹುಟ್ಟಿದ, ಅಜ್ಜನ ಹೆಸರೇ, ಹಾನ್ಸ್. ಆಮೇಲೆ ಎಲಿಜಬೆತ್, ಮಗ್ದಲೇನಾ, ಮಾರ್ಟಿನ್, ಪೌಲ, ಮಾರ್ಗರೆಟ್. ಇವರ ಜೊತೆ ತಂದೆತಾಯಿ ಇಲ್ಲದ ಸಂಬಂಧಿಕರ ಮಕ್ಕಳು, ಊಟಕ್ಕೆ ಇರುವ ವಿದ್ಯಾರ್ಥಿಗಳು, ಅತಿಥಿಗಳು. ಒಂದು ಹಾಸ್ಟೆಲ್ ಇದ್ದ ಹಾಗೆ ಮನೆ. ಕಥರೀನಾ ಅಕ್ಕ ಅದನ್ನ ಹೇಗೆ ನಡೆಸಿದರೋ ಅದೇ ಒಂದು ದೊಡ್ಡ ಸಾಕ್ಷಿ, ಅದನ್ನು ಸಹೋದರಿಯರ ಕೂಟಕ್ಕೆ ಇಟ್ಟುಕೊಳ್ಳೋಣ.

ಹಾನ್ಸ್ ಹುಟ್ಟಿದ ಅದೇ 1526ರಲ್ಲಿ ಲೂಥರ್ ಜರ್ಮನ್ ಭಾಷೆಯ ಆರಾಧನಾ ಕ್ರಮ ಒಂದನ್ನು ಅಚ್ಚು ಹಾಕಿಸಿದರು. ಅದರ ಮುನ್ನುಡಿಯಲ್ಲಿ ಮಕ್ಕಳಿಗೆ ಕಲಿಸೋದು ಹೇಗೆ ಅಂತ ಒಂದು ಭಾಗ ಇದೆ. ನನಗೆ ಲೂಥರ್ ಬರೆದದ್ದರಲ್ಲಿ ತುಂಬಾ ಇಷ್ಟವಾದ ಜಾಗ ಅದು. ಏನು ಹೇಳ್ತಾರೆ ಅಂದ್ರೆ, ಮಗುವಿನ ಹೃದಯದಲ್ಲಿ ಎರಡು ಚೀಲ ಹೊಲಿಯಿರಿ. ಒಂದು ನಂಬಿಕೆಯ ಚೀಲ, ಒಂದು ಪ್ರೀತಿಯ ಚೀಲ. ಒಂದೊಂದು ಚೀಲಕ್ಕೆ ಎರಡೆರಡು ಜೇಬು. ಸಭೆಯಲ್ಲಿ ಕೇಳಿದ ವಾಕ್ಯವನ್ನ ಮಗು ಮನೆಗೆ ತಂದು, ಊಟದ ಹೊತ್ತಿನಲ್ಲಿ ಅಪ್ಪ ಅಮ್ಮನ ಮುಂದೆ ಹೇಳಿ, ಕಾಸು ಹಾಕೋ ಹಾಗೆ ಆ ಜೇಬಿಗೆ ಹಾಕಲಿ. ದೊಡ್ಡ ವಿದ್ವಾಂಸರು ಇದನ್ನ ಮಕ್ಕಳಾಟ ಅಂತ ಹಾಸ್ಯ ಮಾಡಬಹುದು ಅಂತ ಅವರಿಗೆ ಗೊತ್ತಿತ್ತು. ಅದಕ್ಕೆ ಅವರ ಉತ್ತರ: ಮನುಷ್ಯರಿಗೆ ಕಲಿಸೋಕೆ ಕ್ರಿಸ್ತನೇ ಮನುಷ್ಯನಾಗಬೇಕಾಯ್ತು. ಹಾಗಿದ್ದ ಮೇಲೆ ಮಕ್ಕಳಿಗೆ ಕಲಿಸಬೇಕಾದರೆ ನಾವು ಅವರ ಜೊತೆ ಮಕ್ಕಳಾಗಲೇಬೇಕು.

ಹಲ್ಲೆಲೂಯಾ! ಇದು ಬರೀ ಪಾಠ ಹೇಳುವ ಉಪಾಯ ಅಲ್ಲ ಪ್ರಿಯರೇ. ಕ್ರಿಸ್ಮಸ್ ಅಂದ್ರೇನೇ ಇದು. ದೇವರು ನಮ್ಮ ಎತ್ತರಕ್ಕೆ ಬಗ್ಗಿದನು. ಗೋದಲಿಯಲ್ಲಿ ಮಲಗಿದ ಮಗುವನ್ನ ನೋಡಿ ಯಾವ ಮಗು ಹೆದರುತ್ತೆ ಹೇಳಿ? ಆ ಮಗು ಹೊಡೆಯಲ್ಲ, ಲಿಸ್ಟ್ ಹಿಡಿದಿಲ್ಲ. ಹಾಲಿಗೆ ಅಳುತ್ತೆ. ಲೂಥರ್ ತಮ್ಮ ಕ್ರಿಸ್ಮಸ್ ಪ್ರಸಂಗಗಳಲ್ಲಿ ಮತ್ತೆ ಮತ್ತೆ ಜನರನ್ನ ಆ ಕೊಟ್ಟಿಗೆಗೆ ಕರೆದುಕೊಂಡು ಹೋಗ್ತಿದ್ದರು. ಚಳಿ, ಕತ್ತಲು, ಮರಿಯಳು ಇನ್ನೂ ಚಿಕ್ಕ ಹುಡುಗಿ, ಚೊಚ್ಚಲ ಹೆರಿಗೆ, ಜೊತೆಗೆ ಸೂಲಗಿತ್ತಿ ಇಲ್ಲ, ಇಡೀ ಊರಲ್ಲಿ ಒಬ್ಬರೂ ಜಾಗ ಬಿಟ್ಟುಕೊಡಲಿಲ್ಲ. ನೀವು ಈಗ ಮನಸ್ಸಿನಲ್ಲಿ, ನಾನು ಅಲ್ಲಿ ಇದ್ದಿದ್ರೆ ಮಗುವಿನ ಬಟ್ಟೆ ಒಗೆದು ಕೊಡ್ತಿದ್ದೆ ಅಂತ ಅಂದುಕೊಳ್ತಾ ಇದ್ದೀರಿ ಅಂತ ಕೇಳುವವರಿಗೇ ಹೇಳ್ತಿದ್ದರು. ಹಾಗಾದ್ರೆ ಪಕ್ಕದ ಮನೆಯವರಿಗೆ ಈಗ ಮಾಡಿ, ಅವರಲ್ಲೇ ಕ್ರಿಸ್ತ ಇದ್ದಾನೆ ಅಂತ ಅಲ್ಲೇ ತಿರುಗಿಸಿ ಬಿಡ್ತಿದ್ದರು. ನಂಬಿಕೆಯ ಚೀಲ ಆಯ್ತು, ಪ್ರೀತಿಯ ಚೀಲವೂ ಆಯ್ತು ನೋಡಿ.

1528ರಲ್ಲಿ ಅವರು ಹಳ್ಳಿ ಸಭೆಗಳನ್ನ ನೋಡೋಕೆ ಹೋದರು. ಎದೆ ಒಡೆದುಹೋಯ್ತು. ಕ್ರೈಸ್ತರು ಅಂತ ಹೆಸರು, ಕರ್ತನ ಪ್ರಾರ್ಥನೆ ಗೊತ್ತಿಲ್ಲ, ಹತ್ತು ಆಜ್ಞೆ ಗೊತ್ತಿಲ್ಲ. ಕೆಲವು ಕಡೆ ಕಲಿಸಬೇಕಾದ ಪಾದ್ರಿಗಳೇ ಕೈಲಾಗದವರು. ವಾಪಸ್ ಬಂದು 1529ರಲ್ಲಿ ಚಿಕ್ಕ ಕ್ಯಾಟಕಿಸಂ ಬರೆದರು. ಮೊದಲು ಅದು ಪುಸ್ತಕ ಅಲ್ಲ, ಗೋಡೆಗೆ ತೂಗು ಹಾಕುವ ಹಾಳೆಗಳಾಗಿ ಬಂತು. ಒಂದೊಂದು ಭಾಗದ ಮೇಲೂ ಇದನ್ನ ಮನೆಯ ಯಜಮಾನನು ತನ್ನ ಮನೆಯವರಿಗೆ ಕಲಿಸಬೇಕಾದ ರೀತಿ ಅಂತ ಬರೆದಿತ್ತು. ಪಾಸ್ಟರ್ ಅಲ್ಲ, ಸಂಡೇ ಸ್ಕೂಲ್ ಟೀಚರ್ ಅಲ್ಲ. ಅಪ್ಪ. ಅಣ್ಣಂದಿರೇ, ಕೇಳಿಸ್ತಾ? ಆಫೀಸಿಂದ ಬರೋದು ಒಂಬತ್ತು ಗಂಟೆ ಆಗುತ್ತೆ ಅಂತ ನನಗೂ ಗೊತ್ತು. ಔಟರ್ ರಿಂಗ್ ರೋಡ್ ಟ್ರಾಫಿಕ್ ನನಗೂ ಗೊತ್ತು. ಆದ್ರೆ ಧರ್ಮೋಪದೇಶಕಾಂಡ 6ರಲ್ಲಿ ದೇವರು ಮಕ್ಕಳಿಗೆ ಕಲಿಸೋಕೆ ಹೇಳಿದ ಜಾಗಗಳು ನೋಡಿ: ಮನೆಯಲ್ಲಿ ಕೂತಿರುವಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ. ಟ್ರಾಫಿಕ್‌ನಲ್ಲಿ ಕಾರಿನ ಹಿಂದಿನ ಸೀಟಲ್ಲಿ ಮಗು ಇದ್ದರೆ ಅದೂ ದಾರಿಯೇ.

ಲೂಥರ್ ಕೂಡ ಮನೆಯಿಂದ ದೂರ ಇದ್ದು ಕಲಿಸಿದ್ದಾರೆ. 1530ರಲ್ಲಿ ತಿಂಗಳುಗಟ್ಟಲೆ ಕೋಬರ್ಗ್ ಕೋಟೆಯಲ್ಲಿ ಇರಬೇಕಾಯ್ತು. ಆಗಷ್ಟೇ ನಾಲ್ಕು ವರ್ಷ ತುಂಬಿದ್ದ ಹಾನ್ಸ್‌ಗೆ ಒಂದು ಪತ್ರ ಬರೆದರು. ರಾಜರುಗಳ ಜೊತೆ, ಪೋಪರ ಜೊತೆ ವಾದ ಮಾಡಿದ ಅದೇ ಕೈ. ಪತ್ರದಲ್ಲಿ ಏನಿದೆ? ಒಂದು ಸುಂದರವಾದ ತೋಟ. ಸೇಬು, ಪೇರು, ಚೆರ್ರಿ, ಪ್ಲಮ್ ಹಣ್ಣುಗಳು. ಚಿನ್ನದ ಕಡಿವಾಣದ ಪುಟ್ಟ ಪುಟ್ಟ ಕುದುರೆಗಳು. ಪ್ರಾರ್ಥನೆ ಮಾಡಿ, ಪಾಠ ಕಲಿಯುವ ಮಕ್ಕಳು ಅಲ್ಲಿ ಆಡಬಹುದು, ನಿನ್ನ ಸ್ನೇಹಿತರನ್ನೂ ಕರೆದುಕೊಂಡು ಬಾ ಅಂತ. ಅದೇ ತಿಂಗಳುಗಳಲ್ಲಿ ಅವರ ಸ್ವಂತ ಅಪ್ಪ ತೀರಿಹೋದ ಸುದ್ದಿ ಬಂದು ಅಳುತ್ತಾ ಇದ್ದ ಮನುಷ್ಯ ಅವರು.

ಈಗ ಹಾಡಿನ ವಿಷಯ. 1535ರಲ್ಲಿ ಅಚ್ಚಾದ ಒಂದು ಗೀತೆ ಪುಸ್ತಕದಲ್ಲಿ ಲೂಥರ್ ಬರೆದ 15 ಚರಣದ ಒಂದು ಕ್ರಿಸ್ಮಸ್ ಹಾಡು ಬಂತು. ಜರ್ಮನ್ನರು ಇವತ್ತಿಗೂ ಅದನ್ನ ಹಾಡ್ತಾರೆ, ಹೆಸರು ಫಾಮ್ ಹಿಮ್ಮೆಲ್ ಹೋಖ್. ಅದು ಮಕ್ಕಳ ಹಾಡು, ಲೂಕ 2ನೇ ಅಧ್ಯಾಯದಿಂದ ತೆಗೆದದ್ದು ಅಂತ ಹಾಡಿನ ತಲೆಬರಹದಲ್ಲೇ ಇತ್ತು. ಆಗ ಮನೆಯಲ್ಲಿ ಹಾನ್ಸ್, ಮಗ್ದಲೇನಾ, ಚಿಕ್ಕ ಮಾರ್ಟಿನ್, ಪೌಲ, ತೊಟ್ಟಿಲಲ್ಲಿ ಮಾರ್ಗರೆಟ್. ಮನೆಯ ಮಕ್ಕಳಿಗೋಸ್ಕರವೇ ಬರೆದದ್ದು, ಒಬ್ಬರು ದೇವದೂತನಾಗಿ ಮೊದಲ ಚರಣಗಳನ್ನ ಹಾಡೋದು, ಮಕ್ಕಳು ಉತ್ತರ ಕೊಡೋದು ಅಂತ ಹಿಂದಿನಿಂದ ಹೇಳಿಕೊಂಡು ಬಂದಿದ್ದಾರೆ.

ಆದರೆ ಆ ಹಾಡಿನ ಶುರು ಎಲ್ಲಿಂದ ಬಂತು ಗೊತ್ತಾ? ಆ ಕಾಲದಲ್ಲಿ ಹುಡುಗ ಹುಡುಗಿಯರು ಸಾಯಂಕಾಲ ಸೇರಿ ಆಡುವ ಒಂದು ಆಟ ಇತ್ತು. ಒಬ್ಬ ಹುಡುಗ ಬಂದು, ನಾನು ದೂರದ ದೇಶದಿಂದ ಸುದ್ದಿ ತಂದಿದ್ದೀನಿ ಅಂತ ಹಾಡಿ ಒಗಟು ಹಾಕ್ತಾನೆ. ಗೆದ್ದವರಿಗೆ ಹೂವಿನ ಹಾರ. ಬೀದಿಯ ಹಾಡು, ಪ್ರೀತಿ ಪ್ರೇಮದ ಆಟ. ಲೂಥರ್ ಆ ಹಾಡಿನ ಅಚ್ಚನ್ನೇ ತಗೊಂಡು ಸುದ್ದಿ ತರೋನನ್ನ ಬದಲಾಯಿಸಿಬಿಟ್ಟರು. ದೂರದ ದೇಶದಿಂದ ಬಂದ ಹುಡುಗ ಅಲ್ಲ, ಪರಲೋಕದಿಂದ ಬಂದ ದೂತ. ಮೊದಲು ಹಾಡಿದ್ದೂ ಅದೇ ಬೀದಿ ರಾಗದಲ್ಲಿ. 1539ರಲ್ಲಿ ಬೇರೆ ರಾಗ ಬಂತು, ಅದನ್ನ 200 ವರ್ಷ ಆದ ಮೇಲೆ ಬಾಖ್ ತಮ್ಮ ದೊಡ್ಡ ಕ್ರಿಸ್ಮಸ್ ಸಂಗೀತದಲ್ಲಿ ಬಳಸಿದರು. ಮಕ್ಕಳಿಗೆ ಮೊದಲೇ ಗೊತ್ತಿದ್ದ ಆಟ. ಅದನ್ನ ಅಲ್ಲಗಳೆಯಲಿಲ್ಲ, ಹಾಗೇ ಬಿಟ್ಟುಬಿಡಲೂ ಇಲ್ಲ. ಒಳಗೆ ಸುವಾರ್ತೆ ಇಟ್ಟರು.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್‌ನವರು ಈ ಹಾಡುವ ಅಭ್ಯಾಸವನ್ನೇ ಜೊತೆಗೆ ತಂದರು. ನಮ್ಮಲ್ಲಿ ಕರಾವಳಿಯಿಂದ, ಧಾರವಾಡ ಹುಬ್ಬಳ್ಳಿ ಕಡೆಯಿಂದ ಬಂದವರು ಇದ್ದೀರಿ. ನಿಮ್ಮ ಅಜ್ಜಿ ಹಾಡುತ್ತಿದ್ದ ಹಳೇ ಕನ್ನಡ ಗೀತೆಗಳಲ್ಲಿ ಎಷ್ಟೋ ಹಾಡು ಜರ್ಮನ್ ರಾಗದವು. ಅಜ್ಜಿ ಇದ್ದರೆ ಈ ಸಾರಿ ಕೂತು ಕೇಳಿ, ಮೊಬೈಲಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ.

ಮರದ ವಿಷಯ ಕೇಳ್ತೀರಿ. ಚಳಿಗಾಲದ ರಾತ್ರಿ ಲೂಥರ್ ಕಾಡಲ್ಲಿ ನಡೆದು ಬರುವಾಗ ಕೊಂಬೆಗಳ ಮಧ್ಯೆ ನಕ್ಷತ್ರ ಕಂಡು, ಮನೆಗೆ ಬಂದು ಮಕ್ಕಳಿಗೆ ಮರದ ಮೇಲೆ ಮೋಂಬತ್ತಿ ಹಚ್ಚಿ ತೋರಿಸಿದರು, ಅದೇ ಮೊದಲ ಕ್ರಿಸ್ಮಸ್ ಮರ ಅಂತ ಒಂದು ಕಥೆ ಎಲ್ಲ ಕಡೆ ಓಡಾಡುತ್ತೆ. ಚೆನ್ನಾಗಿದೆ, ಆದ್ರೆ ಅವರ ಕಾಲದ ದಾಖಲೆ ಇಲ್ಲ. 19ನೇ ಶತಮಾನದಲ್ಲಿ ಚಿತ್ರಗಳ ಮೂಲಕ ಹಬ್ಬಿದ್ದು. ಮಕ್ಕಳಿಗೆ ಸತ್ಯವಾದದ್ದನ್ನೇ ಹೇಳೋಣ. ಸುವಾರ್ತೆಗೆ ಸುಳ್ಳಿನ ಸಹಾಯ ಬೇಡ.

ಗಿಫ್ಟ್ ವಿಷಯ ಮಾತ್ರ ನಿಜ, ಅದರಲ್ಲಿ ನಮಗೆ ಒಂದು ಎಚ್ಚರಿಕೆಯೂ ಇದೆ. ಲೂಥರ್ ಕಾಲದಲ್ಲಿ ಜರ್ಮನ್ ಮಕ್ಕಳಿಗೆ ಉಡುಗೊರೆ ಸಿಗ್ತಿದ್ದದ್ದು ಡಿಸೆಂಬರ್ 6, ಸಂತ ನಿಕೋಲಸ್ ಹಬ್ಬದ ದಿನ. ಲೂಥರ್ ಮತ್ತು ಅವರ ಜೊತೆಯವರ ಬೋಧನೆಯಿಂದ ಪ್ರೊಟೆಸ್ಟೆಂಟ್ ಮನೆಗಳಲ್ಲಿ ಇದು ನಿಧಾನವಾಗಿ ಕ್ರಿಸ್ಮಸ್ ಕಡೆಗೆ ಬಂತು. ಕೊಡುವವನು ನಿಕೋಲಸ್ ಅಲ್ಲ, ಕ್ರಿಸ್ತನೇ. ಆತನೇ ದೇವರ ಉಡುಗೊರೆ, ಅದರ ನೆನಪಿಗೆ ನಮ್ಮ ಕೈಯ ಚಿಕ್ಕ ಉಡುಗೊರೆ. ಎಷ್ಟು ಒಳ್ಳೆಯ ಪಾಠ! ಮುಂದೆ ಏನಾಯ್ತು? ಕ್ರಿಸ್ತ ಶಿಶು, ಜರ್ಮನ್‌ನಲ್ಲಿ ಕ್ರಿಸ್ಟ್‌ಕಿಂಡ್. ಕಾಲ ಹೋಗ್ತಾ ಹೋಗ್ತಾ ಈ ಕ್ರಿಸ್ಟ್‌ಕಿಂಡ್ ಬಿಳಿ ಬಟ್ಟೆ, ಚಿನ್ನದ ಕೂದಲಿನ ಒಬ್ಬ ದೇವದೂತೆಯಾಗಿ ಬದಲಾಯ್ತು. ನ್ಯೂರೆಂಬರ್ಗ್ ಊರಿನ ಕ್ರಿಸ್ಮಸ್ ಮಾರ್ಕೆಟ್ಟನ್ನ ಇವತ್ತು ಆ ವೇಷ ಹಾಕಿದ ಹುಡುಗಿ ಉದ್ಘಾಟನೆ ಮಾಡ್ತಾಳೆ. ಅದೇ ಹೆಸರು ಹಡಗು ಹತ್ತಿ ಅಮೆರಿಕಕ್ಕೆ ಹೋಗಿ ಕ್ರಿಸ್ ಕ್ರಿಂಗಲ್ ಆಯ್ತು. ಕ್ರಿಸ್ ಕ್ರಿಂಗಲ್ ಅಂದ್ರೆ ಯಾರು? ಯೌವನಸ್ಥರೇ, ಹೇಳಿ? ಸಾಂತಾ ಕ್ಲಾಸ್! ಎಲ್ಲಿ ಶುರುವಾಗಿ ಎಲ್ಲಿಗೆ ಬಂತು ನೋಡಿ. ನಿಕೋಲಸ್ ಬೇಡ, ಯೇಸು ಅಂತ ಹೇಳೋಕೆ ಇಟ್ಟ ಹೆಸರೇ ಕೊನೆಗೆ ನಿಕೋಲಸನ ಹೆಸರಾಯ್ತು.

ಆಚಾರ ಒಳ್ಳೇದಿದ್ದರೆ ಸಾಕಾಗಲ್ಲ ಪ್ರಿಯರೇ. ಪ್ರತಿ ವರ್ಷ, ಪ್ರತಿ ಮಗುವಿಗೆ, ಪಕ್ಕದಲ್ಲಿ ಕೂತು ಯಾಕೆ ಅಂತ ಹೇಳೋರು ಬೇಕು. ನಕ್ಷತ್ರ ಕಟ್ಟುವಾಗ ಮಗುವನ್ನ ಎತ್ತಿಕೊಂಡು, ಇದು ಜ್ಯೋತಿಷ್ಯದವರನ್ನೂ ಯೇಸುವಿನ ಹತ್ತಿರ ಕರೆದುಕೊಂಡು ಬಂತು ಪುಟ್ಟ ಅಂತ ಎರಡು ಮಾತು ಹೇಳೋಕೆ ಒಂದು ನಿಮಿಷ. ಹೇಳದೇ ಇದ್ದರೆ ಅದು ಬರೀ ಲೈಟು. ಕಟ್ಟೋದೇ ಇಲ್ಲ ಅನ್ನುವ ಮನೆಯವರಿಗೂ ಇದೇ ಮಾತು. ಕಟ್ಟದೇ ಇರೋದಕ್ಕೆ ಕಾರಣ ಹೇಳಿಕೊಟ್ಟಿರಿ, ಸರಿ. ಬೇತ್ಲೆಹೇಮಿನ ಸಂತೋಷವನ್ನ ಹೇಳಿಕೊಟ್ಟಿರಾ? ಪಕ್ಕದ ಫ್ಲ್ಯಾಟಿನ ಮಗು ಕುಣಿಯುವಾಗ ನಮ್ಮ ಮಗುವಿಗೆ ಬರೀ ಬೇಡಗಳ ಪಟ್ಟಿ ಕೊಟ್ಟರೆ, ಅದು ಕೂಡ ಒಂದು ಲಿಸ್ಟೇ.

ಈಗ ಕಷ್ಟವಾದ ಭಾಗಕ್ಕೆ ಬರ್ತೀನಿ. ಲೂಥರ್ ಮನೆಯಲ್ಲಿ ಎಲಿಜಬೆತ್ ಎಂಟು ತಿಂಗಳು ತುಂಬೋ ಮುಂಚೆ 1528ರಲ್ಲಿ ತೀರಿಹೋದಳು. ಮುಂದಿನ ವರ್ಷ ಮಗ್ದಲೇನಾ ಹುಟ್ಟಿದಳು. ಅಪ್ಪನ ಮುದ್ದಿನ ಮಗಳು. 1542ರ ಸೆಪ್ಟೆಂಬರ್‌ನಲ್ಲಿ ಜ್ವರ ಬಂತು. ಅವಳಿಗೆ 13 ವರ್ಷ. ತನ್ನ ಅಣ್ಣನನ್ನ ನೋಡಬೇಕು ಅಂದಳು. ಟೊರ್ಗಾವ್‌ನಲ್ಲಿ ಓದುತ್ತಿದ್ದ ಹಾನ್ಸ್‌ನನ್ನ ಕರೆತರೋಕೆ ಗಾಡಿ ಕಳಿಸಿದರು. ಹಾಸಿಗೆ ಪಕ್ಕದಲ್ಲಿ ಲೂಥರ್ ಮೊಣಕಾಲೂರಿ ಅತ್ತರು, ಪ್ರಾರ್ಥಿಸಿದರು. ಮಗಳನ್ನ ಕೇಳಿದರು, ಇಲ್ಲಿ ಈ ಅಪ್ಪನ ಜೊತೆ ಇರೋಕೆ ಇಷ್ಟವಾ, ಅಲ್ಲಿರುವ ಅಪ್ಪನ ಹತ್ತಿರ ಹೋಗೋಕೂ ಇಷ್ಟವಾ ಅಂತ. ದೇವರ ಚಿತ್ತದಂತೆ ಆಗಲಿ ಅಂತ ಆ ಹುಡುಗಿ ಹೇಳಿದಳು. ಸೆಪ್ಟೆಂಬರ್ 20ರಂದು ಅಪ್ಪನ ಕೈಯಲ್ಲೇ ಪ್ರಾಣ ಬಿಟ್ಟಳು.

ಅವಳು ಹೆದರಲಿಲ್ಲ. ಅದನ್ನ ಗಮನಿಸಿ. ಆ ಅಪ್ಪ ಅದೇ ವಯಸ್ಸಿನಲ್ಲಿ ಕ್ರಿಸ್ತನ ಹೆಸರಿಗೇ ನಡುಗುತ್ತಿದ್ದ ಹುಡುಗ. ಮಗಳು ಆ ತಂದೆಯ ಹತ್ತಿರ ಹೋಗೋಕೆ ಹೆದರಲಿಲ್ಲ. ಅಷ್ಟು ವರ್ಷ ಮನೆಯಲ್ಲಿ ಹಾಡಿದ್ದು, ಊಟದ ಮೇಜಿನಲ್ಲಿ ಹೇಳಿಸಿದ್ದು, ಆ ಎರಡು ಚೀಲಕ್ಕೆ ಒಂದೊಂದಾಗಿ ಹಾಕಿದ್ದು ಅವತ್ತು ಅವಳ ಕೈಯಲ್ಲಿತ್ತು.

ಅಪ್ಪ ಅಮ್ಮನಿಗೆ ಸುಲಭವಾಯ್ತು ಅಂತ ಅಲ್ಲ. ದೇವರಿಗೆ ಸ್ತೋತ್ರ ಹೇಳಬೇಕು, ಆದ್ರೆ ಅಳದೇ ಹೇಳೋಕೆ ಆಗ್ತಾ ಇಲ್ಲ ಅಂತ ಸ್ನೇಹಿತನಿಗೆ ಬರೆದರು. ನಮ್ಮ ಕೆಲವು ಸಭೆಗಳಲ್ಲಿ ದುಃಖಪಟ್ಟರೆ ವಿಶ್ವಾಸ ಕಡಿಮೆ ಅಂತಾರಲ್ಲ, ಅವರು ಈ ಪತ್ರ ಓದಬೇಕು. ಆ ವರ್ಷದ ಕ್ರಿಸ್ಮಸ್ ವಾರದಲ್ಲಿ ಟೊರ್ಗಾವ್‌ನಲ್ಲಿದ್ದ ಹಾನ್ಸ್ ಮನೆಗೆ ಬರಬೇಕು ಅಂತ ಅಳ್ತಾ ಇದ್ದ. 16 ವರ್ಷದ ಹುಡುಗ, ತಂಗಿ ಹೋಗಿ ಮೂರು ತಿಂಗಳು. ಅಪ್ಪ ಬರೆದರು, ಧೈರ್ಯ ತಗೋ, ಅಮ್ಮನ ನೋವನ್ನ ಹೆಚ್ಚು ಮಾಡಬೇಡ ಅಂತ. ಸ್ವಲ್ಪ ಗಟ್ಟಿಯಾದ ಪತ್ರ. ನನಗೆ ಅದನ್ನ ಓದುವಾಗ, ಹುಡುಗನನ್ನ ಮನೆಗೆ ಕರೆಸಿಕೊಳ್ಳಬಾರದಿತ್ತಾ ಅನ್ನಿಸುತ್ತೆ.

ಮುಂದಿನ ವರ್ಷ 1543ರಲ್ಲಿ ಅವರ ಇನ್ನೊಂದು ಕ್ರಿಸ್ಮಸ್ ಹಾಡು ಅಚ್ಚಾಯ್ತು. ಈ ಸಾರಿ 15 ಚರಣ ಅಲ್ಲ, ಆರೇ. ದೂತರು ಕುರುಬರ ಹತ್ತಿರ ಬಂದದ್ದರಿಂದಲೇ ಶುರು. ಆದರೆ ಒಳಗೆ ಮರಣದ ಮಾತು ಬರುತ್ತೆ. ದೇವರೇ ನಮ್ಮ ಜೊತೆಯವನಾಗಿ ಹುಟ್ಟಿ ಬಂದ ಮೇಲೆ ಪಾಪವಾಗಲಿ ಮರಣವಾಗಲಿ ನಮ್ಮನ್ನ ಏನು ಮಾಡೀತು ಅನ್ನೋದು ಅದರ ಭಾವ. ಮಗಳನ್ನ ಮಣ್ಣು ಮಾಡಿ ಬಂದ ಅಪ್ಪನ ಕ್ರಿಸ್ಮಸ್ ಹಾಡು ಅದು.

ಒಂದು ಮಾತು ಮುಚ್ಚಿಡಬಾರದು. ಅದೇ 1543ರಲ್ಲಿ ಅದೇ ಕೈ ಯೆಹೂದ್ಯರ ವಿರುದ್ಧ ತುಂಬಾ ಕೆಟ್ಟ ಪುಸ್ತಕ ಒಂದನ್ನು ಬರೆಯಿತು. ಅವರ ಸಭಾಮಂದಿರ ಸುಡಿ, ಮನೆ ಒಡೆಯಿರಿ ಅಂತ. ಮುಂದೆ ಹಿಟ್ಲರ್ ಕಾಲದವರು ಅದನ್ನ ಬಳಸಿಕೊಂಡರು. ಗೋದಲಿಯಲ್ಲಿ ಮಲಗಿದ ಮಗು ಯೆಹೂದ್ಯ ಮಗು, ಹಾಲು ಕುಡಿಸಿದ ತಾಯಿ ಯೆಹೂದ್ಯ ತಾಯಿ. ಇಷ್ಟು ಗೊತ್ತಿದ್ದ ಮನುಷ್ಯ ಅದನ್ನ ಹೇಗೆ ಬರೆದರು? ನಾನು ಸಮರ್ಥನೆ ಮಾಡಲ್ಲ. ದೊಡ್ಡವರಾದ ನಿಮ್ಮ ಮಕ್ಕಳು ಒಂದು ದಿನ ಗೂಗಲ್ ಮಾಡಿ ನಿಮ್ಮನ್ನ ಕೇಳ್ತಾರೆ. ಅವತ್ತು ನೀವೂ ಸಮರ್ಥನೆ ಮಾಡಬೇಡಿ. ಪ್ರೀತಿಯ ಚೀಲ ಖಾಲಿ ಇಟ್ಟುಕೊಂಡು ನಂಬಿಕೆಯ ಚೀಲ ಮಾತ್ರ ತುಂಬಿಸಿದರೆ ಏನಾಗುತ್ತೆ ಅನ್ನೋದಕ್ಕೆ ಅವರ ಪುಸ್ತಕವನ್ನೇ ತೋರಿಸಬಹುದು.

1546ರ ಜನವರಿಯಲ್ಲಿ ಒಂದು ಜಗಳ ಬಗೆಹರಿಸೋಕೆ ಅಂತ ಚಳಿಯಲ್ಲಿ ಐಸ್ಲೆಬೆನ್‌ಗೆ ಹೊರಟರು. ಹುಟ್ಟಿದ ಊರು. ಗಂಡುಮಕ್ಕಳು ಜೊತೆಗಿದ್ದರು. ಜಗಳ ಬಗೆಹರಿಯಿತು, ಅವರು ಮಾತ್ರ ವಾಪಸ್ ಬರಲಿಲ್ಲ. ಫೆಬ್ರವರಿ 18ರ ಬೆಳಗಿನ ಜಾವ, 62 ವರ್ಷದ ಲೂಥರ್ ಕರ್ತನಲ್ಲಿ ನಿದ್ರಿಸಿದರು. ಪಕ್ಕದಲ್ಲಿ ಮಾರ್ಟಿನ್, ಪೌಲ. ಕ್ರಿಸ್ಮಸ್ ಹಾಡು ಅಚ್ಚಾದ ವರ್ಷ ನಾಲ್ಕು ವರ್ಷವೂ ತುಂಬದೇ ಇದ್ದ ಮಕ್ಕಳು. ಪೌಲ ಮುಂದೆ ವೈದ್ಯನಾದ, ಹಾನ್ಸ್ ಕೊನೆಗೂ ಅಜ್ಜನ ಆಸೆಯಂತೆ ಕಾನೂನು ಓದಿದ!

ಸಂಡೇ ಸ್ಕೂಲ್ ಬಿಟ್ಟಿದೆ, ಮಕ್ಕಳು ಒಳಗೆ ಬರ್ತಾ ಇದ್ದಾರೆ. ಬರಲಿ, ಬಾಗಿಲು ತೆಗೀರಿ. ಗಲಾಟೆ ಮಾಡಿದ್ರೂ ಪರವಾಗಿಲ್ಲ, ಯಾರೂ ಗದರಿಸಬೇಡಿ. ನಿಮ್ಮ ನಿಮ್ಮ ಮಕ್ಕಳನ್ನ ಹತ್ತಿರ ಕರ್ಕೊಳ್ಳಿ. ಮದುವೆ ಆಗದೇ ಇರುವ ತಮ್ಮಂದಿರು, ತಂಗಿಯರು ಪಕ್ಕದಲ್ಲಿರುವ ಮಗುವಿನ ಹತ್ತಿರ ಬನ್ನಿ. ಮೊಣಕಾಲೂರಿ, ಅವರ ಎತ್ತರಕ್ಕೆ ಬನ್ನಿ. ಈಗ ಅವರ ತಲೆ ಮೇಲೆ ಕೈಯಿಟ್ಟು, ಅವರಿಗೆ ಅರ್ಥವಾಗುವ ಮಾತಿನಲ್ಲಿ, ನೀವೇ ಪ್ರಾರ್ಥನೆ ಮಾಡಿ. ಮ್ಯೂಸಿಕ್ ತಂಡದವರು ನಿಧಾನವಾಗಿ ನುಡಿಸಿ. ಪ್ರಾರ್ಥಿಸೋಣ.